ಪೆಟ್ಟಿಗೆಯ ನಾಲ್ಕನೇ ಗುಳಿ

ಜೂನ್ ೧೨, ಸೋಮವಾರ

ಅಣ್ಣ ಇದ್ದಾಗ ಈ ಹೊತ್ತಿಗೆ ಅವನಿಗೊಂದು ಕಾಗದ ಬರೆದು ಮುಗಿಸುತ್ತಿದ್ದೆ. ಅವನು ಹೋದ ಮೇಲೂ ಕೈ ಸುಮ್ಮನಿರುವುದಿಲ್ಲ. ಮಿಕ್ಕಿದ್ದ ಬಿಳಿ ಹಾಳೆಗಳನ್ನೆಲ್ಲ ಸೇರಿಸಿ ಹೊಲಿದು, ರಟ್ಟು ಕಟ್ಟಿ ಈ ಪುಸ್ತಕ ಮಾಡಿಕೊಂಡಿದ್ದೇನೆ. ಓದುವವರು ಯಾರೂ ಇಲ್ಲ ಎನ್ನುವುದೇ ಒಂದು ಅನುಕೂಲ. ಅಕ್ಷರ ಸೊಟ್ಟಗಾದರೂ ನಡೆಯುತ್ತದೆ.

ಮಗಳು ಇವತ್ತು ತಾನು ಪಾಠ ಹೇಳುವ ಶಾಲೆಯಿಂದ ಬಂದವಳೇ ಚೀಲವನ್ನು ಮಂಚದ ಮೇಲೆ ಎಸೆದಳು. ಹೆತ್ತವಳು ನನ್ನ ತಂಗಿ. ತಂಗಿ ತೀರಿಕೊಂಡ ಮೇಲೆ ಈ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನನ್ನ ಜೊತೆಗೇ ಬೆಳೆದವಳು, ಹಾಗಾಗಿ ಮಗಳೇ.

"ದೊಡ್ಡಮ್ಮ, ಹೊಸ ಪಾಠ ಬಂದಿದೆ. 'ಜಗತ್ತು ಮತ್ತು ನಾವು' ಅಂತ. ಯುದ್ಧ, ನೀರು, ಹಸಿವು, ವಲಸೆ, ಎಲ್ಲಾ ಹೇಳ್ಬೇಕಂತೆ."

"ಒಳ್ಳೇದೇ ಅಲ್ವಾ?"

"ಪುಸ್ತಕ ಇಲ್ಲ."

"ಪುಸ್ತಕ ಇಲ್ಲದೆ ಪಾಠ ಹೇಗಮ್ಮ?"

"ಹೆಡ್‌ಮಾಸ್ಟರನ್ನ ಕೇಳಿದೆ. 'ಜಗತ್ತು ಅಷ್ಟು ದೊಡ್ಡದಿದೆಯಲ್ಲಮ್ಮ, ಹುಡುಕ್ಕೊಳ್ಳಿ' ಅಂದ್ರು."

ಆಮೇಲೆ ಮುಖ್ಯವಾದ ಮಾತು ಹೇಳಿದಳು. ಅವಳದು ತಾತ್ಕಾಲಿಕ ಕೆಲಸ. ಈ ಪಾಠಕ್ಕೆಂದೇ ಅವಳನ್ನು ಇಟ್ಟುಕೊಂಡಿದ್ದಾರೆ. ನವೆಂಬರಿನಲ್ಲಿ ಮೇಲಿನ ಕಚೇರಿಯವರು ನೋಡುತ್ತಾರೆ. ಪಾಠ ನಡೆದರೆ ಅವಳು ಕಾಯಂ, ಇಲ್ಲದಿದ್ದರೆ ಪಾಠವೂ ಇಲ್ಲ, ಅವಳೂ ಇಲ್ಲ.

ನಾನು ಹುಡುಕಿ ಕೊಡುತ್ತೇನೆ ಎಂದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಬಾಯಲ್ಲಿ ಎಂಥ ಮಾತು ನೋಡು. ಆದರೆ ಗಂಡನ ಜೊತೆ ಮಾಡುತ್ತಿದ್ದ ಪುಸ್ತಕ ಬೈಂಡಿಂಗ್ ಕೆಲಸದಲ್ಲಿ ಒಂದು ಲಾಭವಿತ್ತು. ಹೊಲಿಯುವ ಮುಂಚೆ ಸಿಕ್ಕಿದ ಹಾಳೆಯನ್ನೆಲ್ಲ ಓದುತ್ತಿದ್ದೆ. ಅವರು ಬೈಯುತ್ತಿದ್ದರು, "ನೀನು ಹೊಲಿಯೋದು ಯಾವಾಗ, ಓದೋದು ಯಾವಾಗ" ಎಂದು. ಹೊಲಿಗೆಗೆ ಬರುವ ಒಂದು ಮಡಿಕೆಗೆ ಹದಿನಾರು ಪುಟ, ಹಾಗಾಗಿ ಲೋಕದ ವಿಷಯ ಎಲ್ಲವೂ ನನಗೆ ಹದಿನಾರು ಹದಿನಾರು ಪುಟದಷ್ಟು ಗೊತ್ತು. ಹದಿನೇಳನೇ ಪುಟ ಯಾವಾಗಲೂ ಬೇರೆ ಯಾರದೋ ಕೈಯಲ್ಲಿ ಇರುತ್ತಿತ್ತು.

ಜೂನ್ ೧೭, ಶನಿವಾರ

ಹಳೆ ಪೇಪರ್ ಅಂಗಡಿಯಲ್ಲಿ ಬೆಳಗಿನಿಂದ ಕೂತಿದ್ದೆ. ಅಂಗಡಿಯವನು ನನಗೆ ಹಳೇ ಪರಿಚಯದವನು. "ಅಮ್ಮಾ, ನಿಮ್ಮನ್ನೂ ತೂಕಕ್ಕೆ ಹಾಕ್ಲಾ, ಎದ್ದೇಳೋ ಹಾಗೆ ಕಾಣ್ತಿಲ್ಲ" ಎಂದ. "ಹಾಕಪ್ಪ, ರಟ್ಟಿನ ರೇಟು ಕೊಡು" ಎಂದೆ.

ವಾರಪತ್ರಿಕೆಗಳು, ಯಾವುದೋ ದೂತಾವಾಸದವರು ಹಂಚಿದ ನುಣುಪು ಪುಸ್ತಿಕೆಗಳು, ಒಂದು ದಪ್ಪ ಅಟ್ಲಾಸ್ ಸಿಕ್ಕಿದವು. ಅಟ್ಲಾಸ್ ಎಷ್ಟು ಹಳೆಯದೆಂದರೆ ಅದರಲ್ಲಿರುವ ಎರಡು ದೇಶ ಈಗ ಇಲ್ಲ, ಈಗಿರುವ ಎಷ್ಟೋ ದೇಶ ಅದರಲ್ಲಿಲ್ಲ. ಪ್ರಿಂಟ್ ಅಂಗಡಿಯ ಹುಡುಗಿ ಇಂಟರ್ನೆಟ್ಟಿನಿಂದ ಒಂದಷ್ಟು ತೆಗೆದುಕೊಟ್ಟಳು. ಎಲ್ಲ ಅಂಕಿ ಸಂಖ್ಯೆ. ಲಕ್ಷ ಲಕ್ಷ ಜನ. ಲಕ್ಷ ಜನರ ಮುಖ ಹೇಗಿರುತ್ತದೆ ಎಂದು ಮಕ್ಕಳು ಕೇಳಿದರೆ ಏನು ಹೇಳುವುದು?

ಒಂದು ಚಿತ್ರ ನನಗೇ ಹಿಡಿಸಿತು. ಎದೆಮಟ್ಟದ ನೀರಿನಲ್ಲಿ ಒಬ್ಬ ಹೆಂಗಸು, ಹೆಗಲ ಮೇಲೆ ಮಗು. ಕತ್ತರಿಸಲು ಹೋದರೆ ಅವಳ ಮೊಣಕೈ ಪಕ್ಕದ ಅಂಕಣದೊಳಗೆ ಚಾಚಿಕೊಂಡಿದೆ. ಅಲ್ಲಿ ಟಯರಿನ ಜಾಹೀರಾತು. ಕತ್ತರಿ ನೇರ ಹೋದರೆ ಮೊಣಕೈ ಹೋಗುತ್ತದೆ, ಮಗುವಿಗೆ ಆಸರೆಯಾಗಿರುವುದೇ ಆ ಕೈ. ಕೊನೆಗೆ ಟಯರನ್ನೂ ಸೇರಿಸಿಯೇ ಕತ್ತರಿಸಿದೆ.

ಜೂನ್ ೨೬

ಮಕ್ಕಳು ಟಯರು ನೋಡಿ ನಕ್ಕರಂತೆ. ಮಗಳಿಗೆ ಸಿಟ್ಟು. "ದೊಡ್ಡಮ್ಮ, ಅದನ್ನ ಕತ್ತರಿಸಿಬಿಡೋಕೆ ಏನಾಗಿತ್ತು?"

ಆದರೆ ಒಬ್ಬಳು ಎದ್ದು ನಿಂತು, "ಟೀಚರ್, ಆ ಮಗು ಈಗ ಎಲ್ಲಿದೆ?" ಎಂದು ಕೇಳಿದಳಂತೆ. ಮಗಳು 'ಕೇಳಿ ಹೇಳ್ತೀನಿ' ಎಂದಳಂತೆ. ನಿಜವಾದ ಪ್ರಶ್ನೆ ಅದು. ಪತ್ರಿಕೆಯವರಿಗೆ ಒಂದು ಕಾರ್ಡು ಬರೆದು ಹಾಕಿದ್ದೇನೆ: ಇಂಥ ದಿನದ ಸಂಚಿಕೆಯಲ್ಲಿ ಇಂಥ ಪುಟದಲ್ಲಿರುವ ಮಗು ಈಗ ಹೇಗಿದೆ, ದಯವಿಟ್ಟು ತಿಳಿಸಿ. ಮಕ್ಕಳು ಕಾಯುತ್ತಿದ್ದಾರೆ.

ಜುಲೈ ೮

ಕಾರ್ಡಿಗೆ ಉತ್ತರ ಬಂದಿಲ್ಲ.

ಶಾಲೆಯ ಗ್ರಂಥಾಲಯದ ಹಿಂದಿನ ಸಣ್ಣ ಕೋಣೆ ನನಗೆ ಬಿಟ್ಟುಕೊಟ್ಟಿದ್ದಾರೆ. ಮುರಿದ ಗ್ಲೋಬು, ಕಾಲಿಲ್ಲದ ಬೆಂಚು, ಅವುಗಳ ಜೊತೆ ನಾನು. ಹಳೆ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತೇನೆ, ಉಳಿದ ಹೊತ್ತು ಕತ್ತರಿ, ಗೋಂದು. ದೊಡ್ಡ ಲಕೋಟೆಗಳ ಮೇಲೆ ಹೆಸರು ಬರೆದಿಟ್ಟಿದ್ದೇನೆ: ನೀರು, ಯುದ್ಧ, ಹಸಿವು, ಬಿಸಿಲು, ಮನೆ ಬಿಟ್ಟವರು. 'ಯುದ್ಧ' ಆಗಲೇ ಹರಿಯುವ ಹಾಗಾಗಿದೆ. ಅದಕ್ಕೆ ಬಟ್ಟೆಯ ಬೆನ್ನು ಹಚ್ಚಬೇಕು.

ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದರು. ಆಮೇಲೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಶ್ರಮ ಕಾಣುತ್ತೆ. ಆದ್ರೆ ಮಕ್ಕಳು ಆಕಳಿಸ್ತಾರೆ. ಎಷ್ಟೂಂತ ಕಾಗದ ನೋಡ್ತವೆ? ಕೈಗೆ ಸಿಗೋ ಹಾಗೆ ಏನಾದ್ರೂ ಇರ್ಬೇಕು" ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಮೇಲಿನವರ ಭಯ.

ಮಗಳು ಊಟದ ಮುಂದೆ ಕೂತು ತಟ್ಟೆಯ ಅಂಚನ್ನೇ ನೋಡುತ್ತಿದ್ದಳು.

ಜುಲೈ ೨೨, ಶನಿವಾರ

ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಳು ಕೂತು ಕೈಹೊಲಿಗೆ ಹಾಕುತ್ತಾಳೆ. ಗುಂಡಿ, ಅಂಚು, ಹರಿದ ಜೇಬು. ಗಡಿಯಾಚೆಯಿಂದ ಬಂದವಳು. ಅವಳ ಮಗಳು ಎರಡು ಜಡೆಯ ಹುಡುಗಿ, ನಮ್ಮವಳ ತರಗತಿಯಲ್ಲೇ ಇದ್ದಾಳೆ. ನಾನು ಮನಸ್ಸಿನಲ್ಲೇ ಇವಳನ್ನು ಸೂಜಿಯಮ್ಮ ಎಂದು ಕರೆಯುತ್ತೇನೆ. ಸೂಜಿ ಹಿಡಿಯುವ ಚೆಂದ ನೋಡಿ ನನಗೆ ಅವಳ ಮೇಲೆ ಮೊದಲಿಂದಲೂ ಆಸೆ. ನಾವಿಬ್ಬರೂ ಒಂದೇ ಕುಲ, ದಾರದ ಕುಲ.

ಇವತ್ತು ಚೀಲದ ಹಿಡಿ ಹೊಲಿಸಲು ಹೋಗಿ ಟೀ ತರಿಸಿಕೊಂಡು ಪಕ್ಕದಲ್ಲೇ ಕೂತೆ.

"ಇಷ್ಟು ಚೆನ್ನಾಗಿ ಕೆಲಸ ಬರುತ್ತೆ, ಒಂದು ಮಷೀನ್ ಇಟ್ಕೋಬಾರ್ದಾ?"

"ಮಷೀನ್ ಇದೆ ಅಕ್ಕಾ. ಅಲ್ಲಿದೆ."

ನಮ್ಮ ಮಾತನ್ನು ಅವಳು ಒಂದೊಂದೇ ಬಿಡಿಸಿ ಆಡುತ್ತಾಳೆ. ಕೊರಳಿನಿಂದ ಒಂದು ಬಟ್ಟೆಯ ಚೀಲ ತೆಗೆದಳು. ಒಳಗೆ ಉಕ್ಕಿನ ಪುಟ್ಟ ಡಬ್ಬಿ, ಬಾಬಿನ್ ಕೇಸು. ಮಷೀನಿನ ಹೊಟ್ಟೆಯಲ್ಲಿ ಕೂತು ಕೆಳಗಿನ ದಾರ ಕೊಡುವುದು ಇದೇ. ಅದರೊಳಗಿನ ಬಾಬಿನ್ ಉರುಳೆಗೆ ಇನ್ನೂ ನೀಲಿ ದಾರ ಸುತ್ತಿತ್ತು.

"ಅಂಗಡಿ ಮುಚ್ಚುವಾಗ ಇದನ್ನ ತೆಗೆದು ಮನೆಗೆ ಒಯ್ತೀವಿ ಅಕ್ಕಾ. ಇದಿಲ್ಲದೆ ಇನ್ನೊಬ್ಬರು ಮಷೀನ್ ಮುಟ್ಟಿದ್ರೂ ಓಡಲ್ಲ. ಆವತ್ತೂ ಅಭ್ಯಾಸ. ಜನ ಕೂಗ್ತಾ ಓಡ್ತಾ ಇದ್ರು. ನಾನು ಇದನ್ನ ತೆಗೆದೆ, ಬಾಗಿಲು ಹಾಕ್ದೆ, ಓಡಿದೆ. ಮಗಳ ಚಪ್ಪಲಿ ಮರ್ತೆ, ಇದನ್ನ ಮರೀಲಿಲ್ಲ."

ನೀಲಿ ದಾರ ಅವಳ ಊರಿನ ಶಾಲೆಯ ಮಕ್ಕಳ ಸಮವಸ್ತ್ರದ್ದು. ಅರ್ಧ ಹೊಲಿದದ್ದು ಸೂಜಿಯ ಕೆಳಗೇ ಉಳಿದಿದೆ.

"ಕೇಸು ಬೇರೆ ಸಿಗಲ್ವಾ?" ಎಂದೆ.

ಅವಳು ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ತೂಗಿಬಿಟ್ಟಳು. ಜೇಡ ನೇತಾಡುವ ಹಾಗೆ ಅಲ್ಲೇ ನಿಂತಿತು. ಕೈಯನ್ನು ಚೂರು ಅಲುಗಿಸಿದಳು, ಒಂದು ಬೆರಳಿನಷ್ಟು ಇಳಿದು ಮತ್ತೆ ನಿಂತಿತು. "ಸಿಗುತ್ತೆ. ಆದ್ರೆ ಇದರ ತಿರುಪು ನಾನು ಕೂರಿಸಿದ್ದು. ಬೇರೇದು ಇಷ್ಟು ಹಿಡಿಯಲ್ಲ, ಸರ‍್ರಂತ ಕೆಳಗೆ ಹೋಗುತ್ತೆ." ಆಮೇಲೆ ಮೆಲ್ಲಗೆ ಎಂದಳು: "ಇದು ನನ್ನ ಹತ್ರ ಇದ್ರೆ ಅಂಗಡಿ ಮುಚ್ಚಿದೆ ಅಷ್ಟೇ. ನಿಂತಿಲ್ಲ."

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ. ಅವಳು ಊಟ ನಿಲ್ಲಿಸಿ ನನ್ನ ಮುಖ ನೋಡಿದಳು. "ದೊಡ್ಡಮ್ಮ, ಕೈಗೆ ಸಿಗೋ ಹಾಗಿರೋದು ಅಂದ್ರೆ ಇದೇ ಅಲ್ವಾ?"

ಆಗಸ್ಟ್ ೫

ಕೇಸನ್ನು ಒಂದು ಪೀರಿಯಡ್ಡಿಗೆ ಕೊಡು ಎಂದು ಕೇಳಿದೆ. ಸೂಜಿಯಮ್ಮನ ಕೈ ಕೊರಳ ಚೀಲಕ್ಕೆ ಹೋಯಿತು. "ಟೀಚರ್ ಕೇಳಿದ್ರಾ?" ಎಂದಳು. ಹೌದೆಂದೆ. ಮಗಳ ಟೀಚರಿಗೆ ಇಲ್ಲ ಎನ್ನಲು ಯಾವ ತಾಯಿಗೂ ಆಗುವುದಿಲ್ಲ. ಕೊರಳಿಂದ ತೆಗೆದುಕೊಟ್ಟಳು.

ನಾನೂ ತರಗತಿಯಲ್ಲಿ ನಿಂತಿದ್ದೆ. ಮಗಳು ಕಥೆ ಹೇಳಿದಳು, ಕೇಸು ಕೈಯಿಂದ ಕೈಗೆ ಹೋಯಿತು. ಕಿಟಕಿಯ ಹತ್ತಿರದ ತುಂಟನೊಬ್ಬ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಸಿರೇ ಬಿಡಲಿಲ್ಲ. ಎರಡು ಜಡೆ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ತನ್ನ ಸರದಿ ಬಂದಾಗ ಮುಟ್ಟದೆ ಪಕ್ಕದವಳಿಗೆ ಸಾಗಿಸಿದಳು. ದಿನಾ ನೋಡುವ ವಸ್ತು, ನಾಚಿಕೆ ಇರಬೇಕು.

ಗಂಟೆ ಹೊಡೆದ ಕೂಡಲೇ ಕೇಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದೆ, ಈ ವಯಸ್ಸಿನಲ್ಲಿ. ಅವಳು ಮೆಟ್ಟಿಲ ಮೇಲೆ ಕೆಲಸ ಬಿಟ್ಟು ರಸ್ತೆಯನ್ನೇ ನೋಡುತ್ತ ಕೂತಿದ್ದಳು.

ಆಗಸ್ಟ್ ೧೯

ಎರಡನೇ ಸಲ. ಹೆಡ್‌ಮಾಸ್ಟರ ಮುಂದೆ. ಪಾಠ ಮೊದಲ ಸಲಕ್ಕಿಂತ ಚೆನ್ನಾಯಿತು. ಯಾರೋ ದಾರದ ತುದಿ ಎಳೆದರು, ಒಂದಷ್ಟು ಬಿಚ್ಚಿ ಗಂಟಾಯಿತು. ನಾನೇ ಸುತ್ತಿ ಕೊಟ್ಟೆ.

"ದಾರ ಬಿಚ್ಚಿದೆ ಅಕ್ಕಾ."

"ಮಕ್ಕಳು ಅಲ್ವಾ, ಸೂಜಿಯಮ್ಮ."

ಆ ಹೆಸರು ಬಾಯಿ ತಪ್ಪಿ ಬಂತು. ಅವಳು ನಕ್ಕಳು. ಆದರೆ ನಾನು ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ತಾನೇ ಸುತ್ತಿದಳು.

ಸೆಪ್ಟೆಂಬರ್ ೯, ಶನಿವಾರ

ಪೆಟ್ಟಿಗೆ ಮುಗಿಯಿತು. ಇಷ್ಟು ಒಳ್ಳೆ ಕೆಲಸವನ್ನು ನಾನು ಅವರು ಇದ್ದಾಗಲೂ ಮಾಡಿರಲಿಲ್ಲ. ದಪ್ಪ ರಟ್ಟು, ಹಸಿರು ಬಟ್ಟೆ, ಮೂಲೆಗೆ ತೊಗಲು. ಒಳಗೆ ಮೆತ್ತೆಯಲ್ಲಿ ಒಂದೊಂದು ವಸ್ತುವಿಗೆ ಅಳತೆಗೆ ಸರಿಯಾಗಿ ಕೊರೆದ ಗುಳಿ. ಮೊದಲನೆಯದರಲ್ಲಿ ಒಣಗಿದ ಕೆರೆಯ ಮಣ್ಣಿನ ಹೆಂಟೆ. ಎರಡನೆಯದರಲ್ಲಿ ಉಪ್ಪುನೀರಿನ ಸೀಸೆ. ಮೂರನೆಯದರಲ್ಲಿ ನಿರಾಶ್ರಿತರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕೊಡುವಷ್ಟು ಕಾಳಿನ ಗಂಟು. ನಾಲ್ಕನೆಯ ಗುಳಿ ಬಾಬಿನ್ ಕೇಸಿಗೆ. ಪ್ರತಿಯೊಂದಕ್ಕೂ ಒಂದು ಕಾರ್ಡು, ನನ್ನ ಕೈಬರಹದಲ್ಲಿ. ಶಾಲೆಗಳೆಲ್ಲ ಸೇರುವ ವಸ್ತುಪ್ರದರ್ಶನಕ್ಕೆ ಇದನ್ನು ಕಳಿಸುತ್ತಾರಂತೆ.

ಸೂಜಿಯಮ್ಮ ಒಪ್ಪಲಿಲ್ಲ. "ಪೀರಿಯಡ್ ಆದ್ರೆ ಸರಿ ಅಕ್ಕಾ. ದಿನಗಟ್ಟಲೆ ಬೇಡ."

"ಪಾಠ ನಿಂತ್ರೆ ನಿನ್ನ ಮಗಳ ಟೀಚರ್ ಕೆಲಸಾನೂ ಹೋಗುತ್ತೆ ಕಣಮ್ಮ. ಅವಳು ತಾಯಿಯಿಲ್ಲದವಳು" ಎಂದೆ.

ಸುಳ್ಳೇನಲ್ಲ. ಅವಳು ಚೀಲದ ದಾರ ಬಿಚ್ಚುವಾಗ ಕೈ ನಿಧಾನವಾಗಿತ್ತು. "ನೀವೇ ತರ್ತೀರಾ?"

"ನಾನೇ ತರ್ತೀನಿ. ನನ್ನ ಕೈಯಿಂದ ನಿನ್ನ ಕೈಗೆ."

ಸೆಪ್ಟೆಂಬರ್ ೨೩

ಮೊದಲ ಬಹುಮಾನ. ಕಚೇರಿಯಿಂದ ಬಂದಿದ್ದ ಹಿರಿಯ ಅಧಿಕಾರಿಣಿ ಬಾಬಿನ್ ಕೇಸನ್ನು ಕೈಗೆ ತೆಗೆದುಕೊಂಡರು, ಕಾರ್ಡು ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ಒಂದು ಶಾಲೇಲಿ ಕೂರಬಾರ್ದು. ಎಲ್ಲಾ ಶಾಲೆಗೂ ಹೋಗ್ಬೇಕು. ಎರಡು ವಾರ ನಮಗೆ ಕೊಡಿ."

ಕೇಸನ್ನು ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಹೆಡ್‌ಮಾಸ್ಟರ ಕೈ ಆಗಲೇ ಮುಚ್ಚಳದ ಮೇಲಿತ್ತು. ಮಗಳು ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದಳಲ್ಲ, ಹಾಗೆ.

ಎರಡು ವಾರ ತಾನೇ.

ಅಕ್ಟೋಬರ್ ೭

ಸೂಜಿಯಮ್ಮ ಕೇಳಿದಳು. ಮುಂದಿನ ವಾರ ಎಂದೆ.

ಅಕ್ಟೋಬರ್ ೧೪

ಹಿಂದಿನ ಬೀದಿಯಿಂದ ಶಾಲೆಗೆ ಹೋಗುತ್ತಿದ್ದೇನೆ. ಸ್ವಲ್ಪ ಸುತ್ತಾದರೂ ನೆರಳು ಚೆನ್ನಾಗಿದೆ.

ಅಕ್ಟೋಬರ್ ೨೦

ಎರಡು ಜಡೆಯನ್ನು ತರಗತಿಯಲ್ಲಿ ಈಗ 'ಪೆಟ್ಟಿಗೆ' ಎಂದು ಕರೆಯುತ್ತಾರಂತೆ. "ಪೆಟ್ಟಿಗೆ ಬಂದಳು, ಪೆಟ್ಟಿಗೆ ಹೋದಳು" ಎಂದು. ಮಗಳು ಬೈದಳಂತೆ, ನಿಲ್ಲಲಿಲ್ಲ. ಮಕ್ಕಳು, ಪ್ರೀತಿಗೆ ಹೆಸರಿಡುತ್ತವೆ. ನಾನು ಅವಳ ತಾಯಿಗೆ ಇಟ್ಟಿಲ್ಲವೇ.

ಈ ವಾರದ ಪತ್ರಿಕೆಗಳು ಸಪ್ಪೆ. ಒಂದು ಬಾಂಬ್ ಬಿದ್ದ ಬೀದಿಯ ಚಿತ್ರ ಇತ್ತು, ಆದರೆ ಅದರಲ್ಲಿದ್ದವರು ಕ್ಯಾಮೆರಾ ನೋಡಿಕೊಂಡು ನಿಂತಿದ್ದಾರೆ. ಮಕ್ಕಳಿಗೆ ತಟ್ಟುವುದಿಲ್ಲ. ಇನ್ನೊಂದರಲ್ಲಿ ಅಜ್ಜಿ ಚೆನ್ನಾಗಿ ಅಳುತ್ತಿದ್ದಾಳೆ, ಪಕ್ಕದಲ್ಲಿ ಅವಳ ಹೆಗಲ ಮೇಲೆ ಕೈ ಇಟ್ಟವನೊಬ್ಬ ಅಡ್ಡ ಬಂದಿದ್ದ. ಅವನನ್ನು ಕತ್ತರಿಸಿ ತೆಗೆದು ಚಿತ್ರವನ್ನು ಲಕೋಟೆಗೆ ಹಾಕಿದೆ. ಈಗ ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ.

ನವೆಂಬರ್ ೧, ಬುಧವಾರ

ಸೂಜಿಯಮ್ಮ ಮನೆಗೇ ಬಂದಳು. ಒಂದು ಸಲವೂ ಬಂದವಳಲ್ಲ. ಕುರ್ಚಿಯ ತುದಿಯಲ್ಲಿ ಕೂತಳು, ನೀರು ಕೊಟ್ಟರೆ ಲೋಟ ಕೈಯಲ್ಲೇ ಹಿಡಿದುಕೊಂಡಳು.

"ಅಕ್ಕಾ, ದಾರಿ ಬಿಟ್ಟಿದ್ದಾರೆ. ನಮ್ಮ ಕಡೆ. ಬರೋ ಶನಿವಾರ ಆದ್ಮೇಲೆ ಇನ್ನೊಂದು ಶನಿವಾರ ಬಸ್ಸು ಹೋಗುತ್ತೆ. ನಮ್ಮ ಹೆಸರು ಬಂದಿದೆ."

"ಮನೆ ಇದೆಯಂತಾ?"

"ಗೊತ್ತಿಲ್ಲ. ಪಕ್ಕದವರು ಹೋದವರು ಹೇಳಿದ್ರು, ಅಂಗಡಿ ಬಾಗಿಲು ಹಾಕಿದ ಹಾಗೇ ಇದೆ ಅಂತ." ಅವಳು ಮೊದಲ ಸಲ ನನ್ನ ಮುಖಕ್ಕೆ ಮುಖ ಕೊಟ್ಟು ನಕ್ಕಳು. "ಅದಕ್ಕೇ ಬಂದೆ. ಅದು ಬೇಕಲ್ಲ."

ತಂದುಕೊಡುತ್ತೇನೆ ಎಂದೆ.

ನವೆಂಬರ್ ೩

ಕಚೇರಿಗೆ ಹೋಗಿ ಬಂದೆ. ಗುಮಾಸ್ತ ಪುಸ್ತಕ ತಿರುವಿ, "ಪೆಟ್ಟಿಗೆ ಓಡಾಟದಲ್ಲಿದೆ ಅಮ್ಮಾ" ಎಂದ. ಯಾವ ಶಾಲೆಯಲ್ಲಿ? "ಒಂದು ಶಾಲೆಯಿಂದ ಇನ್ನೊಂದಕ್ಕೆ ಅವರವರೇ ಕಳಿಸ್ಕೋತಾರೆ. ಬೇಕಾದ್ರೆ ಅಧಿಕಾರಿಗಳಿಗೆ ಅರ್ಜಿ ಕೊಡಿ, ಎಲ್ಲಾ ಕಡೆ ಫೋನ್ ಮಾಡಿಸಿ ವಾಪಸ್ ತರಿಸ್ತಾರೆ."

ಮಗಳಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಈಗ ಬೇಡ ದೊಡ್ಡಮ್ಮ. ಹದಿನೈದಕ್ಕೆ ನನ್ನ ಫೈಲು ಅದೇ ಅಧಿಕಾರಿ ಮೇಜಿಗೆ ಹೋಗುತ್ತೆ. ಕೊಟ್ಟಿದ್ದನ್ನ ವಾಪಸ್ ಕೇಳಿದ್ರು ಅಂತ ಆದ್ರೆ?"

"ಅವಳು ಹನ್ನೊಂದಕ್ಕೇ ಹೋಗ್ತಾಳೆ ಕಣೇ."

"ಒಂದು ಬಾಬಿನ್ ಕೇಸು. ಪೇಟೆಯಲ್ಲಿ ಡಬ್ಬಿ ತುಂಬ ಸಿಗುತ್ತೆ." ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನಾನೇನು ಕೆಟ್ಟವಳಾ ದೊಡ್ಡಮ್ಮ?"

ಅಲ್ಲ ಎಂದೆ. ನಿಜವಾಗಿಯೂ ಅಲ್ಲ. ಲೆಕ್ಕ ಹಾಕಿ ನೋಡಿದರೆ ಎಷ್ಟು ಶಾಲೆ, ಎಷ್ಟು ಮಕ್ಕಳು ಅದನ್ನು ಮುಟ್ಟಿ ಕಲಿಯುತ್ತಿದ್ದಾರೆ. ಒಬ್ಬಳ ಕೊರಳಲ್ಲಿ ಇದ್ದಿದ್ದರೆ ಯಾರಿಗೆ ಏನು ಗೊತ್ತಾಗುತ್ತಿತ್ತು? ಅರ್ಜಿ ಬರೆಯಲಿಲ್ಲ.

ನವೆಂಬರ್ ೭

ಹೊಲಿಗೆ ಮಷೀನ್ ರಿಪೇರಿಯವನ ಹತ್ತಿರ ಹೋಗಿದ್ದೆ. ಎಣ್ಣೆಯ ಡಬ್ಬಿಯಲ್ಲಿ ಕೈ ಆಡಿಸಿ, "ಯಾವ್ದು ಬೇಕು ಆರಿಸ್ಕೊಳ್ಳಿ, ಎಲ್ಲಾ ಅಕ್ಕತಂಗಿಯರೇ" ಎಂದ. ಹಳೆಯದೊಂದನ್ನು ಆರಿಸಿಕೊಂಡೆ.

ಹಳೆ ಪುಸ್ತಕಕ್ಕೆ ಹೊಸ ಹಾಳೆ ಸೇರಿಸುವಾಗ ನಾವು ಟೀ ನೀರಿನಲ್ಲಿ ಅದ್ದಿ ಬಣ್ಣ ಹೊಂದಿಸುತ್ತಿದ್ದೆವು. ಸೇರಿಸಿದ್ದು ಎಲ್ಲಿ ಎಂದು ಪುಸ್ತಕದ ಯಜಮಾನನಿಗೇ ತಿಳಿಯುತ್ತಿರಲಿಲ್ಲ. ಆ ವಿದ್ಯೆ ಎಲ್ಲಿ ಹೋಗುತ್ತದೆ? ಸಣ್ಣ ಮರಳುಕಾಗದದಿಂದ ಅಂಚು ಸವೆಸಿದೆ, ಬೆರಳು ಹಿಡಿಯುವ ಜಾಗಕ್ಕೆ ಮೇಣ ತಿಕ್ಕಿ ನುಣುಪು ಮಾಡಿದೆ. ನೀಲಿ ದಾರ ಎರಡು ಅಂಗಡಿ ತಿರುಗಿ ತಂದೆ. ಹೊಳಪು ಹೋಗಲಿ ಎಂದು ಬಿಸಿನೀರಿನಲ್ಲಿ ಒಗೆದು ಒಣಗಿಸಿ ಸುತ್ತಿದೆ. ಮುಗಿದಾಗ ನನಗೇ ವ್ಯತ್ಯಾಸ ಕಾಣಲಿಲ್ಲ.

ನವೆಂಬರ್ ೮

ಕೊಟ್ಟು ಬಂದೆ. ನನ್ನ ಕೈಯಿಂದ ಅವಳ ಕೈಗೆ.

ಅವಳ ಮುಖ ಬೆಳಗಿದ್ದನ್ನು ನೋಡಬೇಕಿತ್ತು. ಕೇಸನ್ನು ಅಂಗೈಯಲ್ಲಿ ತಿರುಗಿಸಿದಳು. ದಾರದ ತುದಿ ಹಿಡಿದು ತೂಗಿಬಿಟ್ಟಳು. ಅದು ಸರ‍್ರನೆ ಜಾರಿ ಮೆಟ್ಟಿಲ ಮೇಲೆ ಬಿತ್ತು. ಪ್ರಯಾಣದ ಗಡಿಬಿಡಿ ಇರಬೇಕು. ನಾನೇ ಬಗ್ಗಿ ಎತ್ತಿಕೊಟ್ಟೆ.

ಅವಳು ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಬಿಳಿ ಸೀರೆಗೆ ಒರೆಸಿಕೊಂಡರೂ ಹೋಗದ ನೀಲಿ ಬಣ್ಣ ಉಗುರಿನ ಸಂದಿಯಲ್ಲಿ ಉಳಿದಿತ್ತು.

"ಇದೇ ಅಕ್ಕಾ" ಎಂದಳು. "ತೊಂದರೆ ತಗೊಂಡ್ರಿ."

ಚೀಲಕ್ಕೆ ಹಾಕಿಕೊಳ್ಳಲಿಲ್ಲ, ಮುಷ್ಟಿಯಲ್ಲೇ ಇಟ್ಟುಕೊಂಡಳು. ಹೊರಡುವಾಗ ನನ್ನ ಚೀಲದ ಹಿಡಿಯನ್ನು ಎಳೆದು ನೋಡಿ, "ಹೊಲಿಗೆ ಇನ್ನೂ ಗಟ್ಟಿ ಇದೆ" ಎಂದಳು.

ಏನೂ ಗೊತ್ತಾಗಲಿಲ್ಲ ಅವಳಿಗೆ. ಇಷ್ಟು ವಯಸ್ಸಾದರೂ ಕೈಕೆಲಸ ಹಾಗೇ ಇದೆ ಎಂದು ಸಂತೋಷವಾಯಿತು. ಊಟ ಸೇರಲಿಲ್ಲ, ಬೆಳಿಗ್ಗೆಯಿಂದ ಮೇಣದ ವಾಸನೆ.

ನವೆಂಬರ್ ೧೧, ಶನಿವಾರ

ಬಸ್ಸು ಹೊರಟಿತಂತೆ. ಕಳಿಸಿ ಬರೋಣವೆಂದಿದ್ದೆ, ಮೊಣಕಾಲು ನೋವು.

ನವೆಂಬರ್ ೧೬

ಮಗಳ ಕೆಲಸ ಕಾಯಂ ಆಯಿತು. ಹೆಡ್‌ಮಾಸ್ಟರು ನನ್ನ ಕೋಣೆಗೇ ಬಂದು ಹೇಳಿದರು. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ತಂಗಿ ಇರಬೇಕಿತ್ತು. ಅಣ್ಣನಿಗೆ ಬರೆಯಬೇಕಿತ್ತು.

ನವೆಂಬರ್ ೨೦

ಮಗಳು ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಒಂದು ಕಾಗದದ ಪೊಟ್ಟಣ ಸಿಕ್ಕಿತಂತೆ. ಎರಡು ಜಡೆ ಕೊನೆಯ ದಿನ ಕೊಟ್ಟು ಹೋದದ್ದು. ಫೈಲಿನ ಗಡಿಬಿಡಿಯಲ್ಲಿ ಇವಳು ಬಿಚ್ಚಿರಲಿಲ್ಲ.

ಒಳಗೆ ನಾನು ಮಾಡಿದ ಕೇಸು. ದಾರ ನಾನು ಸುತ್ತಿದ ಹಾಗೇ ಇತ್ತು.

"ಏನಾದ್ರೂ ಹೇಳಿದ್ಳಾ?"

"ಏನೋ ಹೇಳಿದ್ಳು." ಮಗಳು ನೆನಪು ಮಾಡಿಕೊಂಡಳು. "'ಇದು ನಿಮ್ಮ ಪಾಠದ ಪೆಟ್ಟಿಗೇದಂತೆ, ಅಮ್ಮ ಕೊಟ್ಟಿದ್ದಾರೆ' ಅಂದ್ಳು. ಅಷ್ಟೇ. ಯಾಕೆ ದೊಡ್ಡಮ್ಮ, ನೀನು ಕೊಟ್ಟಿದ್ದಲ್ವಾ ಇದು?"

ನಾನು ಬಚ್ಚಲಿಗೆ ಹೋಗಿ ಕೈ ತೊಳೆದೆ. ಉಗುರಿನ ನೀಲಿ ಎಂದೋ ಹೋಗಿದೆ.

ನವೆಂಬರ್ ೨೪

ಬರೆಯುವಂಥದ್ದು ಏನಿಲ್ಲ.

ನವೆಂಬರ್ ೨೭, ಸೋಮವಾರ

ಪೆಟ್ಟಿಗೆ ವಾಪಸ್ ಬಂತು. ಮೂಲೆಯ ತೊಗಲು ಎದ್ದಿದೆ, ಸೀಸೆಯಲ್ಲಿ ನೀರು ಅರ್ಧ. ನಾಲ್ಕನೇ ಗುಳಿ ಖಾಲಿ. ಯಾವ ಶಾಲೆಯಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಮುಚ್ಚಳಕ್ಕೆ ಕಚೇರಿಯ ಚೀಟಿ: 'ವಸ್ತು ನಾಲ್ಕು ಇಲ್ಲ. ಬದಲಿ ಇಟ್ಟು ಕಳಿಸಿ. ಬೇಡಿಕೆ ಹೆಚ್ಚಿದೆ.'

ಪೊಟ್ಟಣದಲ್ಲಿದ್ದದ್ದನ್ನು ಇಟ್ಟೆ. ಆ ಗುಳಿಯನ್ನು ಇದರ ಅಳತೆಗೇ ಕೊರೆದ ಹಾಗೆ ಕೂತುಕೊಂಡಿತು.

ನವೆಂಬರ್ ೨೯

ಇವತ್ತು ಹೊಸ ತರಗತಿಗೆ ಪಾಠ. ಮಗಳು ಈಗ ಕಥೆಯನ್ನು ಬಹಳ ಚೆನ್ನಾಗಿ ಹೇಳುತ್ತಾಳೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾಳೆ. ಕೇಸನ್ನು ದಾರದಿಂದ ತೂಗಿ ತೋರಿಸುವ ಜಾಗ ಒಂದಿದೆ. ಇದು ನಿಲ್ಲದೆ ಜಾರುತ್ತದೆ. ಅದಕ್ಕೆ ನಿನ್ನೆಯೇ ಒಳಗೆ ದಾರಕ್ಕೆ ಒಂದು ಹನಿ ಗೋಂದು ಬಿಟ್ಟಿದ್ದೆ. ಅಲುಗದೆ ನಿಂತಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಒಂದಿಬ್ಬರು ಅತ್ತರು.

ಕೊನೆಗೆ ಮುಂದಿನ ಬೆಂಚಿನವಳೊಬ್ಬಳು ಎದ್ದು ಕೇಳಿದಳು: "ಟೀಚರ್, ಆ ಅಮ್ಮ ಈಗ ಎಲ್ಲಿದ್ದಾರೆ?"

ಮಗಳು ತಡವರಿಸಲಿಲ್ಲ. "ಅವರು ಊರಿಗೆ ಹೋದ್ರು. ಬಾಗಿಲು ತೆಗೆದ್ರು. ಈಗ ಅವರ ಮಷೀನ್ ಓಡ್ತಾ ಇದೆ."

ಮಕ್ಕಳು ಚಪ್ಪಾಳೆ ತಟ್ಟಿದರು.

ಎಲ್ಲ ಶಾಲೆಯಲ್ಲೂ ಇದನ್ನು ಕೇಳುತ್ತಾರೆ, ಉತ್ತರ ಅಲ್ಲೇ ಇದ್ದರೆ ಟೀಚರುಗಳಿಗೆ ಅನುಕೂಲ. ಹಾಗಾಗಿ ಮಗಳ ಮಾತನ್ನೇ ದುಂಡಗೆ ಬರೆದು ನಾಲ್ಕನೇ ಕಾರ್ಡಿನ ಹಿಂದೆ ಅಂಟಿಸಿದೆ. ಗೋಂದು ಒಣಗುವ ತನಕ ಕಾಗದ ಏಳಬಾರದೆಂದು ಮೇಲೆ ಆ ಹಳೆ ಅಟ್ಲಾಸ್ ಇಟ್ಟಿದ್ದೇನೆ. ಭಾರಕ್ಕೆ ಅದು ಸರಿಯಾಗಿದೆ.